ಸುಗಟೂರು ಸೀಮೆಯ ಹಣ ಮತ್ತು ಅದನ್ನು ಓದಲು ಕಲಿಸಬೇಕಾದ ಕಾಲೇಜು

ಸುಗಟೂರು ಹೋಬಳಿಯ ಹಳ್ಳಿಗಳಲ್ಲಿ ಲೆಕ್ಕ ಬೆಳಗಿನ ಜಾವಕ್ಕೇ ಶುರುವಾಗುತ್ತದೆ. ಡೇರಿಯ ಮುಂದೆ ಸಾಲುಗಟ್ಟಿದವರ ಹಾಲನ್ನು ಅಳೆದು, ಕೊಬ್ಬಿನಂಶ ನೋಡಿ, ದರ ಹಾಕಿ ಬರೆದುಕೊಳ್ಳುತ್ತಾರೆ. ಬಿಲ್ಲಿನ ಹಣ ಬ್ಯಾಂಕ್ ಖಾತೆಗೆ ಬೀಳುತ್ತದೆ. ಟೊಮೆಟೊ ಕೊಯ್ದವರು 15 ಕೆ.ಜಿ. ಬಾಕ್ಸುಗಳನ್ನು ಟೆಂಪೋಗೆ ತುಂಬಿಕೊಂಡು ಕೋಲಾರದ ಎಪಿಎಂಸಿ ದಾರಿ ಹಿಡಿಯುತ್ತಾರೆ. ಅಲ್ಲಿ ಹರಾಜು ಮುಗಿದ ಮೇಲೆ ಬಾಡಿಗೆ, ಹಮಾಲಿ ಎಲ್ಲ ಕಳೆದು ಮಂಡಿಯಲ್ಲಿ ಪಟ್ಟಿ ಬರೆದು ಕೈಗಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬಂತೇ ಎಂದು ಮೊಬೈಲ್ ನೋಡುವವರಿದ್ದಾರೆ. ಸಂಜೆ ಸ್ತ್ರೀಶಕ್ತಿ ಸಂಘದ ಸಭೆ: ಉಳಿತಾಯ, ಕಂತು, ಬಡ್ಡಿ, ಸಹಿ.

ಇಷ್ಟೆಲ್ಲ ಹಣ ಒಂದು ಹೋಬಳಿಯಲ್ಲಿ ದಿನವೂ ಓಡಾಡುತ್ತದೆ. ಅದನ್ನು ಬರೆಯಬಲ್ಲವರು, ಬರೆದದ್ದನ್ನು ಓದಿ ತಪ್ಪು ಹಿಡಿಯಬಲ್ಲವರು ಬೆರಳೆಣಿಕೆಯಷ್ಟು. ಅದೇ ಹೋಬಳಿಯ ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು ಮುಂದೇನು ಎಂದು ಕೇಳಿಕೊಂಡು ಕೋಲಾರದ ಬಸ್ಸು ಹತ್ತುತ್ತಾರೆ. ಬಹುತೇಕರು ಬಿ.ಕಾಂ. ಅಥವಾ ಬಿ.ಎ.ಗೆ ಸೇರಿ, ಮೂರು ವರ್ಷ ಕಳೆದು, ಆಮೇಲೆ ಟ್ಯಾಲಿ ಕಲಿಸುವ ಯಾವುದೋ ಸಣ್ಣ ಸೆಂಟರ್‌ಗೆ ದುಡ್ಡು ಕಟ್ಟುತ್ತಾರೆ. ಪದವಿಯೊಳಗೇ ಸಿಗಬೇಕಿದ್ದ ಕೆಲಸದ ಕಲಿಕೆಯನ್ನು ಪದವಿಯ ಆಚೆ ಹೋಗಿ ಕೊಂಡುಕೊಳ್ಳುವ ಈ ಸ್ಥಿತಿ ಸರಿಯಲ್ಲ. ಸಮುದಾಯ ಕಾಲೇಜು ಎಂಬ ಏರ್ಪಾಡು ಹುಟ್ಟಿದ್ದೇ ಇದನ್ನು ಸರಿಪಡಿಸಲು.

ಈ ಬಗೆಯ ಕಾಲೇಜಿನ ಮೂಲ ಅಮೆರಿಕದಲ್ಲಿದೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಎರಡು ವರ್ಷದ ಕಾಲೇಜು ಆರಂಭವಾಯಿತು. ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರಲ್ಲಿ ಇಂಥ ಕಾಲೇಜುಗಳು ಊರೂರಿಗೂ ಬೇಕೆಂದು ಹೇಳಿದ ಮೇಲೆ ಅವು ಹಬ್ಬಿದವು. ಸುತ್ತಲಿನ ಜನರಿಗೆ ಬೇಕಾದ ಕೆಲಸವನ್ನು ಸುತ್ತಲಿನ ಜನರಿಗೇ ಕಲಿಸುವುದು, ಶುಲ್ಕ ಕಡಿಮೆ ಇಡುವುದು, ವಯಸ್ಸಿನ ಕಟ್ಟು ಸಡಿಲಿಸುವುದು, ಮುಂದೆ ಪದವಿ ಬೇಕೆನ್ನುವವರಿಗೆ ದಾರಿ ತೆರೆದಿಡುವುದು ಅವುಗಳ ನಡೆ. ಭಾರತದಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ 1995ರಲ್ಲಿ, ಮದ್ರಾಸಿನಲ್ಲಿ ಕ್ರೈಸ್ತ ಸಂಸ್ಥೆಯೊಂದು 1996ರಲ್ಲಿ ಇದನ್ನು ಶುರು ಮಾಡಿದವು. ಇಗ್ನೊ 2009ರಲ್ಲಿ ಕೈಹಾಕಿತು. 12ನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, 2013ರ ಸುಮಾರಿಗೆ, ಯುಜಿಸಿ ಇದನ್ನು ತನ್ನದೇ ಯೋಜನೆಯಾಗಿ ಕೈಗೆತ್ತಿಕೊಂಡು ಇದ್ದ ಕಾಲೇಜುಗಳೊಳಗೇ ಸಮುದಾಯ ಕಾಲೇಜು ನಡೆಸಲು ಅನುದಾನ ಕೊಟ್ಟಿತು. ಮರುವರ್ಷ, 2014ರ ಫೆಬ್ರುವರಿಯಲ್ಲಿ, ಬಿ.ವೋಕ್. ಎಂಬ ಮೂರು ವರ್ಷದ ವೃತ್ತಿ ಪದವಿ ಬಂತು.

ಈ ಏರ್ಪಾಡಿನ ಒಳಗಿನ ಲೆಕ್ಕಾಚಾರವನ್ನು ಪೋಷಕರು ತಿಳಿದಿರುವುದು ಒಳ್ಳೆಯದು. ಆರು ತಿಂಗಳು ಓದಿದರೆ ಸರ್ಟಿಫಿಕೇಟು, ಒಂದು ವರ್ಷಕ್ಕೆ ಡಿಪ್ಲೊಮಾ, ಎರಡು ವರ್ಷಕ್ಕೆ ಅಡ್ವಾನ್ಸ್‌ಡ್ ಡಿಪ್ಲೊಮಾ, ಮೂರು ವರ್ಷ ಪೂರೈಸಿದರೆ ಬಿ.ವೋಕ್. ಪದವಿ. ಮನೆಯ ಕಷ್ಟಕ್ಕೆ ಒಂದು ವರ್ಷಕ್ಕೇ ನಿಲ್ಲಿಸಿ ಕೆಲಸಕ್ಕೆ ಹೋದವರೂ ಬರಿಗೈಯಲ್ಲಿ ಹೋಗುವುದಿಲ್ಲ. ಮತ್ತೆ ಬಂದು ನಿಲ್ಲಿಸಿದಲ್ಲಿಂದ ಮುಂದುವರಿಸಬಹುದು. ಯುಜಿಸಿಯ ಆರಂಭದ ನಿಯಮದಲ್ಲಿ ಒಂದು ಸೆಮಿಸ್ಟರಿನ 30 ಕ್ರೆಡಿಟ್‌ಗಳಲ್ಲಿ 18 ಕೆಲಸದ ಕಲಿಕೆಗೆ, ಉಳಿದ 12 ಭಾಷೆ, ಗಣಿತ, ಸಾಮಾನ್ಯ ಜ್ಞಾನದಂಥ ಪಾಠಗಳಿಗೆ. ಪ್ರತಿ ಹಂತವೂ 2013ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಒಂದೊಂದು ಮೆಟ್ಟಿಲಿಗೆ ಹೊಂದಿಕೊಂಡಿರಬೇಕು. ಬ್ಯಾಂಕಿಂಗ್ ಮತ್ತು ಹಣಕಾಸು, ಚಿಲ್ಲರೆ ವ್ಯಾಪಾರ, ಆತಿಥ್ಯ, ಆಹಾರ ಸಂಸ್ಕರಣೆ, ವಾಹನ ದುರಸ್ತಿ, ಆರೋಗ್ಯ ಸಹಾಯಕರು ಹೀಗೆ ಹಲವು ವಿಷಯಗಳು ಈ ಚೌಕಟ್ಟಿನೊಳಗೆ ಬರುತ್ತವೆ.

ಕಾಗದದ ಮೇಲೆ ಇದು ಸೊಗಸಾಗಿದೆ. ಕರ್ನಾಟಕ ಇಂಥ ಸೊಗಸಾದ ಕಾಗದವನ್ನು ಹಿಂದೊಮ್ಮೆ ನೋಡಿದೆ.

ಕೊಠಾರಿ ಆಯೋಗದ ಸಲಹೆಯ ಬೆನ್ನಲ್ಲಿ, 1977-78ರಲ್ಲಿ, ದೇಶದ ಹಲವು ರಾಜ್ಯಗಳಿಗಿಂತ ಮೊದಲೇ ಕರ್ನಾಟಕ ಪಿಯು ಮಟ್ಟದಲ್ಲಿ ಉದ್ಯೋಗಾಧಾರಿತ ಕೋರ್ಸು (ಜೆಒಸಿ) ತಂದಿತು. ನಲವತ್ತು ದಾಟಿದ ಕೋಲಾರದವರಿಗೆ ಜೆಒಸಿ ಎಂದರೆ ಈಗಲೂ ಗೊತ್ತು. ಲೆಕ್ಕಪತ್ರ, ಸಹಕಾರ, ರೇಷ್ಮೆ, ಹೈನುಗಾರಿಕೆ, ಮೋಟಾರ್ ರೀವೈಂಡಿಂಗ್, ಲ್ಯಾಬ್ ಟೆಕ್ನಿಷಿಯನ್ ಮುಂತಾದ ಕೋರ್ಸುಗಳಿದ್ದವು. ಹಾಲು ಮತ್ತು ರೇಷ್ಮೆಯ ಜಿಲ್ಲೆಗೆ ಇದಕ್ಕಿಂತ ಹೊಂದುವ ಪಟ್ಟಿ ಸಿಗುವುದು ಕಷ್ಟ. ಆದರೂ ಜೆಒಸಿ ಉಳಿಯಲಿಲ್ಲ. 2010ರ ಹೊತ್ತಿಗೆ ಅದು ಮುಗಿಯಿತು. ವರ್ಷಗಟ್ಟಲೆ ಅರೆಕಾಲಿಕರಾಗಿಯೇ ಪಾಠ ಹೇಳಿದವರನ್ನು ಸರ್ಕಾರಿ ಸೇವೆಗೆ ಸೇರಿಸಿಕೊಳ್ಳಲು 2011ರಲ್ಲಿ ರಾಜ್ಯ ಒಂದು ವಿಶೇಷ ಕಾಯ್ದೆಯನ್ನೇ ಮಾಡಬೇಕಾಯಿತು.

ಏಕೆ ಉಳಿಯಲಿಲ್ಲ ಎಂಬುದಕ್ಕೆ ಉತ್ತರ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಇದೆ. ಹಿಂದಿನ ವೃತ್ತಿ ಶಿಕ್ಷಣ ಹೆಚ್ಚಾಗಿ 11 ಮತ್ತು 12ನೇ ತರಗತಿಗಷ್ಟೇ ಸೀಮಿತವಾಗಿತ್ತು, ಅದನ್ನು ಮುಗಿಸಿದವರಿಗೆ ಉನ್ನತ ಶಿಕ್ಷಣಕ್ಕೆ ಸ್ಪಷ್ಟ ದಾರಿ ಇರಲಿಲ್ಲ ಎಂದು ಅದು ಒಪ್ಪಿಕೊಂಡಿದೆ. ಅದೇ ನೀತಿ ಉಲ್ಲೇಖಿಸುವ ಅಂಕಿಗಳ ಪ್ರಕಾರ ಭಾರತದಲ್ಲಿ 19ರಿಂದ 24ರ ವಯಸ್ಸಿನ ದುಡಿಯುವವರಲ್ಲಿ ಔಪಚಾರಿಕ ವೃತ್ತಿ ಶಿಕ್ಷಣ ಪಡೆದವರು ಶೇ 5ಕ್ಕಿಂತ ಕಡಿಮೆ. ಅಮೆರಿಕದಲ್ಲಿ ಅದು ಶೇ 52, ಜರ್ಮನಿಯಲ್ಲಿ 75, ದಕ್ಷಿಣ ಕೊರಿಯಾದಲ್ಲಿ 96. ಇಲ್ಲಿನ ಮಕ್ಕಳಿಗೆ ಕೈಕೆಲಸದ ಮೇಲೆ ತಾತ್ಸಾರ ಎಂದು ಈ ಅಂಕಿಗಳಿಂದ ತೀರ್ಮಾನಿಸುವುದು ಅನ್ಯಾಯ. ಮುಂದೆ ಮೆಟ್ಟಿಲಿಲ್ಲದ ಸರ್ಟಿಫಿಕೇಟನ್ನು ಯಾವ ತಾಯಿ ತಂದೆಯೂ ಮಕ್ಕಳಿಗಾಗಿ ಆರಿಸುವುದಿಲ್ಲ, ಅಷ್ಟೇ.

ಹಣಕಾಸಿನ ಪಾಠಕ್ಕೂ ಈ ನೆಲಕ್ಕೂ ಇರುವ ನಂಟು ಹಳೆಯದು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವವರೆಗೆ ಕೋಲಾರ ಜಿಲ್ಲೆಯಲ್ಲೇ ಇತ್ತು. ಅವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಬ್ಯಾಂಕು ಸ್ಥಾಪನೆಯಾಯಿತು. 1943ರಲ್ಲಿ ಬೆಂಗಳೂರಿನಲ್ಲಿ ಅವರ ಪ್ರಯತ್ನದಿಂದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಇವತ್ತು ಎಸ್‌ಜೆ ಪಾಲಿಟೆಕ್ನಿಕ್ ಎಂದು ಜನ ಕರೆಯುವುದು ಅದನ್ನೇ. ಬಂಡವಾಳ ಕೂಡಿಸುವ ಸಂಸ್ಥೆ, ಕೆಲಸ ಕಲಿಸುವ ಸಂಸ್ಥೆ ಎರಡೂ ನಾಡಿಗೆ ಬೇಕೆಂದು ಅವರು ಕಂಡಿದ್ದರು. ಕರಾವಳಿಯಲ್ಲಿ ಡಾ. ಟಿ.ಎಂ.ಎ. ಪೈ ಅವರು ಇದನ್ನೇ ಇನ್ನೊಂದು ಬಗೆಯಲ್ಲಿ ಮಾಡಿದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು ಕಟ್ಟಿದವರಲ್ಲಿ ಅವರೊಬ್ಬರು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿ ತಂದು ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಹೋಗಿ ಪಡೆಯಿತು. 1942ರಲ್ಲಿ ಮಣಿಪಾಲದಲ್ಲಿ ಅವರು ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸ್ಥಾಪಿಸಿದಾಗ ಮೊದಲು ಕಲಿಸಿದ್ದು ಕೈಕಸುಬುಗಳನ್ನು.

ಆ ಪರಂಪರೆಯ ಕೊನೆಯ ದೊಡ್ಡ ಕೊಡುಗೆ ರುಡ್‌ಸೆಟ್. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ಉಜಿರೆಯಲ್ಲಿ ಆರಂಭಿಸಿದ ಈ ತರಬೇತಿ ಸಂಸ್ಥೆಯನ್ನು ನೋಡಿಯೇ ಕೇಂದ್ರ ಸರ್ಕಾರ 2009ರಲ್ಲಿ ಜಿಲ್ಲೆಗೊಂದು ಇಂಥ ಸಂಸ್ಥೆ (ಆರ್‌ಸೆಟಿ) ಇರಲಿ ಎಂದಿತು. ಊಟ ವಸತಿ ಸಹಿತ, ಶುಲ್ಕವಿಲ್ಲದ, ಕೆಲವೇ ವಾರಗಳ ತರಬೇತಿ; ಆಮೇಲೆ ಬ್ಯಾಂಕ್ ಸಾಲಕ್ಕೆ ಜೋಡಣೆ, ಎರಡು ವರ್ಷ ಬೆನ್ನಿಗೆ ನಿಲ್ಲುವ ಅನುಸರಣೆ. ಕೋಲಾರ ಜಿಲ್ಲೆಯಲ್ಲಿ ಅಗ್ರಣಿ ಬ್ಯಾಂಕಾದ ಕೆನರಾ ಬ್ಯಾಂಕೇ ಇದನ್ನು ನಡೆಸುತ್ತದೆ. ಹಸು ಸಾಕಣೆ, ಹೊಲಿಗೆ, ಮೊಬೈಲ್ ರಿಪೇರಿ, ಮೋಟಾರ್ ರೀವೈಂಡಿಂಗ್ ಮಾಡಿ ಸ್ವಂತ ಕಾಲ ಮೇಲೆ ನಿಲ್ಲುವವರಿಗೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಆದರೆ ಇದು ಕಾಲೇಜಲ್ಲ, ಪದವಿಯ ಮೆಟ್ಟಿಲಿಗೆ ತಲುಪಿಸುವುದೂ ಇಲ್ಲ. ಆ ಜಾಗವನ್ನು ತುಂಬಬೇಕಾದ್ದು ಸಮುದಾಯ ಕಾಲೇಜಿನ ಮಾದರಿಯ ಕೋರ್ಸುಗಳು.

ಹಾಗಾದರೆ ಕೋಲಾರದಲ್ಲಿ ಬ್ಯಾಂಕಿಂಗ್ ಕೋರ್ಸು ಏನನ್ನು ಕಲಿಸಬೇಕು? ಮುಂಬೈಯ ಷೇರು ಪೇಟೆಯಿಂದ ಶುರು ಮಾಡುವ ಪಠ್ಯಗಳು ಸಾಕಷ್ಟಿವೆ. ಇಲ್ಲಿನ ತರಗತಿ ಶುರುವಾಗಬೇಕಾದ್ದು ಬಂಗಾರಪೇಟೆ ತಾಲ್ಲೂಕಿನ ಮುಡುಗುಲಿಯಿಂದ. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1980ರ ದಶಕದ ಮಧ್ಯದಿಂದ ಕಾಮಸಮುದ್ರ ಸೀಮೆಯಲ್ಲಿ ಬಡ ಮಹಿಳೆಯರ ಸಣ್ಣ ಸಣ್ಣ ಗುಂಪುಗಳನ್ನು ಕಟ್ಟುತ್ತಿತ್ತು. ಅವರು ವಾರವಾರ ಕೂಡಿ, ಇದ್ದಷ್ಟು ಉಳಿಸಿ, ತಮ್ಮೊಳಗೇ ಸಾಲ ಕೊಟ್ಟುಕೊಂಡು, ಎಲ್ಲವನ್ನೂ ಪುಸ್ತಕದಲ್ಲಿ ಬರೆಸುತ್ತಿದ್ದರು. 1991ರ ಡಿಸೆಂಬರ್‌ನಲ್ಲಿ ಮುಡುಗುಲಿಯ ವೆಂಕಟೇಶ್ವರ ಮಹಿಳಾ ಸಂಘಕ್ಕೆ ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆ ಸಾಲ ಕೊಟ್ಟಿತು. ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ನಬಾರ್ಡ್ ಯೋಜನೆಯಲ್ಲಿ ದೇಶದ ಮೊದಲ ಸಾಲ ಅದು. 1992ರಲ್ಲಿ 500 ಗುಂಪುಗಳ ಪ್ರಾಯೋಗಿಕ ಯೋಜನೆಯಾಗಿ ಹೊರಟದ್ದು ಮುಂದೆ ಲಕ್ಷಾಂತರ ಗುಂಪುಗಳಿಗೆ ಹರಡಿತು. ಭೂಮಿಯ ಪಹಣಿ, ಜಾಮೀನುದಾರ, ಅಡಮಾನ ಯಾವುದೂ ಇಲ್ಲದ ಹೆಂಗಸರನ್ನು ಬ್ಯಾಂಕು ನಂಬಿದ್ದು ಏನನ್ನು ನೋಡಿ? ಅವರ ಹಾಜರಿ ಪುಸ್ತಕ, ನಡಾವಳಿ ಪುಸ್ತಕ, ಉಳಿತಾಯ ಮತ್ತು ಸಾಲದ ಲೆಡ್ಜರ್ ನೋಡಿ. ಹಣಕಾಸು ಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಊರಿನಲ್ಲಿ ಇಲ್ಲ, ಮತ್ತು ಇದು ನಡೆದದ್ದು ಕೋಲಾರ ಜಿಲ್ಲೆಯಲ್ಲಿ.

ಇದೇ ಜಿಲ್ಲೆ ಇನ್ನೊಂದು ಪಾಠವನ್ನೂ ಕಂಡಿದೆ, ಕಹಿಯಾದದ್ದು. 2009ರಲ್ಲಿ ಕೋಲಾರ ಪಟ್ಟಣದಲ್ಲಿ ಮೈಕ್ರೋಫೈನಾನ್ಸ್ ಸಾಲಗಳ ಮರುಪಾವತಿ ಸಾಮೂಹಿಕವಾಗಿ ನಿಂತುಹೋಯಿತು. ಒಂದೇ ಬೀದಿಗೆ ಹಲವು ಕಂಪನಿಗಳು ಬಂದು, ಒಂದೇ ಮನೆಗೆ ಎರಡು ಮೂರು ಸಾಲ ಕೊಟ್ಟಿದ್ದವು. ರೇಷ್ಮೆ ವ್ಯಾಪಾರ ಕುಸಿದು ದುಡಿಮೆ ತಗ್ಗಿತ್ತು, ವಾರದ ಕಂತು ಮಾತ್ರ ನಿಲ್ಲಲಿಲ್ಲ. ಕೊನೆಗೆ ಸಮುದಾಯದ ಮುಖಂಡರೇ ಕಂತು ಕಟ್ಟಬೇಡಿ ಎಂದರು. ರಾಮನಗರ, ಶಿಡ್ಲಘಟ್ಟ, ಮೈಸೂರುಗಳಲ್ಲೂ ಹೀಗೇ ಆಯಿತು. ವರ್ಷಗಳು ಕಳೆದರೂ ಹಿಂಸೆಯ ವಸೂಲಿ ನಿಲ್ಲದೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಅದು ಮುಂದೆ ಕಾಯ್ದೆಯಾಯಿತು.

ಇಂಥ ಸಾಲದ ಬಲೆ ಹೆಣೆಯುವುದು ಅಂಕಿಗಳಲ್ಲಿ. ಒಂದು ಉದಾಹರಣೆ ಸಾಕು. 50,000 ರೂಪಾಯಿ ಸಾಲ, ಶೇ 12 ಬಡ್ಡಿ, 12 ತಿಂಗಳ ಕಂತು ಎಂದು ಇಬ್ಬರು ಸಾಲ ಕೊಡಲು ಬರುತ್ತಾರೆ ಎನ್ನೋಣ. ಮೊದಲನೆಯವರು ಫ್ಲಾಟ್ ದರ ಹಾಕುತ್ತಾರೆ: ವರ್ಷಕ್ಕೆ 6,000 ಬಡ್ಡಿ, ತಿಂಗಳಿಗೆ ಸುಮಾರು 4,667 ಕಂತು. ಎರಡನೆಯವರು ಇಳಿಯುವ ಬಾಕಿಯ ಮೇಲೆ ಬಡ್ಡಿ ಹಾಕುತ್ತಾರೆ: ತಿಂಗಳ ಕಂತು ಸುಮಾರು 4,442, ವರ್ಷದ ಒಟ್ಟು ಬಡ್ಡಿ ಸುಮಾರು 3,309. ಇಬ್ಬರೂ ಹೇಳಿದ್ದು ಶೇ 12. ಮೊದಲನೆಯವರ ಸಾಲದಲ್ಲಿ ತಿಂಗಳು ತಿಂಗಳು ತೀರಿಸಿದ ಅಸಲಿನ ಮೇಲೂ ಬಡ್ಡಿ ಓಡುತ್ತಿರುವುದರಿಂದ ನಿಜವಾದ ದರ ಶೇ 21.5ರ ಹತ್ತಿರ. ಈ ಒಂದು ಲೆಕ್ಕವನ್ನು ಹೋಬಳಿಯ ಪ್ರತಿ ಸಂಘದಲ್ಲಿ ಒಬ್ಬರು ಮಾಡಬಲ್ಲವರಾದರೆ ಎಷ್ಟು ಮನೆಗಳ ದುಡಿಮೆ ಉಳಿಯುತ್ತದೆ ಎಂಬುದನ್ನು ಯಾರು ಬೇಕಾದರೂ ಊಹಿಸಬಹುದು.

2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕು ಕೊಟ್ಟ ನಿರ್ದೇಶನಗಳೂ ಪಠ್ಯದಲ್ಲಿ ಇರಲೇಬೇಕು. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಅಡಮಾನವಿಲ್ಲದ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ಮೀರುವಂತಿಲ್ಲ. ಬಡ್ಡಿ, ಶುಲ್ಕಗಳ ವಿವರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆಂದು ಕರೆ ಮಾಡಿ ಕಾಡುವಂತಿಲ್ಲ. ಭಾಷೆಯ ಮಾತು ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬಹಳ ಮುಖ್ಯ. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ, ಸಾಲದ ಕಾಗದದಲ್ಲಿ ಇಂಗ್ಲಿಷ್ ಇರುವ ಊರುಗಳಲ್ಲಿ ಮೂರನ್ನೂ ಬಲ್ಲ ಸ್ಥಳೀಯ ಹುಡುಗಿಯೊಬ್ಬಳು ಬ್ಯಾಂಕಿನ ಕೌಂಟರಿನಲ್ಲಿ ಕೂತರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಅವಳು ಆ ಕೌಂಟರಿಗೆ ತಲುಪುವ ದಾರಿಗಳು ಒಂದೆರಡಲ್ಲ. ಎಲ್ಲರಿಗೂ ಗೊತ್ತಿರುವುದು ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆ. 2019ರಿಂದ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕೋಲಾರದವರಿಗೆ ಗ್ರಾಮೀಣ ಬ್ಯಾಂಕು ಹೊಸದಲ್ಲ. ಇಲ್ಲಿನ ಕೋಲಾರ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ, ಅದು 2013ರಲ್ಲಿ ಪ್ರಗತಿ ಕೃಷ್ಣದಲ್ಲಿ, ಅದು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. 2025ರ ಮೇ 1ರಿಂದ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಳಗೆ ಬಂದು ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು ಉಳಿದಿದೆ. ಪರೀಕ್ಷೆ ಕಠಿಣ, ಹುದ್ದೆ ಕಡಿಮೆ. ಆ ಒಂದನ್ನೇ ನಂಬಿ ನಾಲ್ಕು ವರ್ಷ ಕೋಚಿಂಗ್‌ನಲ್ಲಿ ಕಳೆಯುವುದು ಬಡ ಮನೆಯ ಮಕ್ಕಳಿಗೆ ದುಬಾರಿ.

ಎರಡನೆಯ ದಾರಿ ಅಪ್ರೆಂಟಿಸ್. 1961ರ ಅಪ್ರೆಂಟಿಸ್ ಕಾಯ್ದೆಯಡಿ ಬ್ಯಾಂಕುಗಳು ಪದವೀಧರರನ್ನು ಒಂದು ವರ್ಷ ತೆಗೆದುಕೊಂಡು ಕೆಲಸ ಕಲಿಸುತ್ತವೆ. ಕೆನರಾ ಬ್ಯಾಂಕು 2024ರಲ್ಲಿ ದೇಶದಾದ್ಯಂತ 3,000 ಅಪ್ರೆಂಟಿಸ್‌ಗಳಿಗೆ ಅರ್ಜಿ ಕರೆದು ತಿಂಗಳಿಗೆ 15,000 ರೂಪಾಯಿ ಸ್ಟೈಪೆಂಡ್ ಎಂದಿತು. ಈಗ ಪದವಿಯೊಳಗೇ ಅಪ್ರೆಂಟಿಸ್ ಅವಧಿ ಸೇರಿಸುವ ಕ್ರಮವನ್ನು ಯುಜಿಸಿ ಒಪ್ಪಿದೆ. ಮೂರು ವರ್ಷದ ಪದವಿಯಲ್ಲಿ ಕನಿಷ್ಠ ಒಂದು, ಗರಿಷ್ಠ ಮೂರು ಸೆಮಿಸ್ಟರ್ ಕೆಲಸದ ಸ್ಥಳದಲ್ಲೇ ಕಳೆಯಬಹುದು, ಅದಕ್ಕೆ ಕ್ರೆಡಿಟ್ಟೂ ಸಿಗುತ್ತದೆ. ರಾಜ್ಯದ ಕಾಲೇಜು ಶಿಕ್ಷಣ ಇಲಾಖೆ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬ್ಯಾಂಕಿಂಗ್, ವಿಮೆ ಸಂಬಂಧಿಸಿದ ಬಿ.ಕಾಂ. ಅನ್ನು ಈ ಕ್ರಮದಲ್ಲಿ ಆರಂಭಿಸಿದೆ. ಸಮುದಾಯ ಕಾಲೇಜಿನ ತಿರುಳು ಇದರಲ್ಲೂ ಇದೆ.

ಮೂರನೆಯದು ಊರಿನಲ್ಲೇ ಇರುವ ಕೆಲಸ, ಮತ್ತು ಕಣ್ಣಿಗೆ ಬೀಳದ್ದೂ ಇದೇ. ರಿಸರ್ವ್ ಬ್ಯಾಂಕು 2006ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಬ್ಯಾಂಕಿನ ಪರವಾಗಿ ಹಳ್ಳಿಯಲ್ಲಿ ಹಣ ಕೊಡುವ, ಕಟ್ಟಿಸಿಕೊಳ್ಳುವ ಬ್ಯಾಂಕ್ ಮಿತ್ರರು ಬಂದರು. 2014ರ ಜನಧನ ಖಾತೆಗಳ ನಂತರ ಅವರ ಕೆಲಸ ಹೆಚ್ಚಿತು. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳಿಂದ ಆಯ್ದ, ಬಿಸಿ ಸಖಿಯರು ಎನಿಸಿದ ಮಹಿಳಾ ಬ್ಯಾಂಕ್ ಮಿತ್ರರು ಬೆರಳಚ್ಚು ಯಂತ್ರ ಹಿಡಿದು ಮನೆ ಮನೆಗೆ ಹೋಗುತ್ತಾರೆ. ವ್ಯವಸಾಯ ಸೇವಾ ಸಹಕಾರ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ತರುವ ಕೇಂದ್ರದ ಯೋಜನೆ 2022ರಲ್ಲಿ ಮಂಜೂರಾಯಿತು. ಹಳೆಯ ಕಾರ್ಯದರ್ಶಿಗಳ ಪಕ್ಕದಲ್ಲಿ ಕೀಲಿಮಣೆ ಬಲ್ಲ ಒಬ್ಬ ಸಹಾಯಕ ಬೇಕೇ ಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಕೋಲಾರ, ಮಾಲೂರಿನ ಹಾರ್ಡ್‌ವೇರ್ ಅಂಗಡಿಗೂ ರಿಟರ್ನ್ ಸಲ್ಲಿಸುವವರ ಹುಡುಕಾಟ. ಅಂಗಡಿಯವರು ಕೇಳುವುದು ಟ್ಯಾಲಿ ಬರುತ್ತದಾ ಎಂದೇ. ಆ ಟ್ಯಾಲಿಯೂ 1986ರಲ್ಲಿ ಗೋಯೆಂಕಾ ತಂದೆ ಮಗ ಬೆಂಗಳೂರಿನಲ್ಲಿ ಕಟ್ಟಿದ ಕಂಪನಿಯದು, ಕೋಲಾರದಿಂದ ಎರಡು ಗಂಟೆಯ ದಾರಿ.

ಮಂಡಿಯ ಪಟ್ಟಿಯೂ ಒಂದು ಪಾಠವಾಗಬೇಕು. ಕೋಲಾರದ ಟೊಮೆಟೊ ಮಾರುಕಟ್ಟೆ ಏಷ್ಯಾದಲ್ಲಿ ಎರಡನೆಯ ದೊಡ್ಡದು ಎಂದು ಹೆಸರಾಗಿದೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದ ಹಂಗಾಮುಗಳೂ ಇವೆ. ಕಮಿಷನ್ ಅನ್ನು ಕೊಳ್ಳುವವರಿಂದ ಪಡೆಯಬೇಕು, ರೈತರ ಹಣದಿಂದ ಕಡಿತ ಮಾಡಬಾರದು ಎನ್ನುತ್ತದೆ ರಾಜ್ಯದ ಎಪಿಎಂಸಿ ನಿಯಮ. ಆದರೂ ಪಟ್ಟಿಯಲ್ಲಿ ಕಡಿತವಾಗುತ್ತದೆ ಎಂಬ ದೂರು ಇಲ್ಲಿ ಹಳೆಯದು. ಒಂದು ಹಂಗಾಮಿನ ಪಟ್ಟಿಗಳನ್ನು ತಂದು ತರಗತಿಯಲ್ಲಿ ಹರಡಿ ಆದಾಯ, ಖರ್ಚು, ಕಡಿತ ಎಂದು ಬಿಡಿಸಿ ಬರೆಸಿದರೆ ಲೆಕ್ಕಪತ್ರದ ಅರ್ಧ ಪುಸ್ತಕ ಮುಗಿದಂತೆ.

ಕಾರ್ಖಾನೆಗೆ ಹೋಗುವವರಿಗೂ ಇದು ಬೇಕು. 2001ರ ಫೆಬ್ರುವರಿ 28ರಂದು ಕೆಜಿಎಫ್ ಗಣಿ ಮುಚ್ಚಿದ ಮೇಲೆ ಜಿಲ್ಲೆಯ ದುಡಿಮೆ ಬೇರೆ ಕಡೆ ತಿರುಗಿತು. ಕೆಜಿಎಫ್ ಮಕ್ಕಳು ರೈಲು ಹಿಡಿದು ಬೆಂಗಳೂರಿಗೆ ಹೋದರು. ನರಸಾಪುರ, ವೇಮಗಲ್, ಮಾಲೂರುಗಳಲ್ಲಿ ಕೈಗಾರಿಕಾ ಪ್ರದೇಶಗಳು ಎದ್ದವು. ನರಸಾಪುರದಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಬಂತು, ಐಫೋನ್ ಜೋಡಿಸುವ ವಿಸ್ಟ್ರಾನ್ ಬಂತು. 2020ರ ಡಿಸೆಂಬರ್ 12ರಂದು ವಿಸ್ಟ್ರಾನ್‌ನಲ್ಲಿ ಸಂಬಳದ ಅಸಮಾಧಾನ ಗಲಭೆಯಾಗಿ ಸಿಡಿಯಿತು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿರಲಿಲ್ಲ ಎಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. 2023ರಲ್ಲಿ ಆ ಘಟಕ ಟಾಟಾ ಕೈಗೆ ಹೋಯಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಐಟಿಐ, ಡಿಪ್ಲೊಮಾ, ಪದವಿ ಓದಿದ ಗುತ್ತಿಗೆ ನೌಕರರೇ ಹೆಚ್ಚು. ಪಿಎಫ್, ಇಎಸ್‌ಐ, ಓಟಿ, ಹಾಜರಿ ಇವನ್ನೆಲ್ಲ ಸಂಬಳದ ಚೀಟಿಯಲ್ಲಿ ಓದಿ, ತಪ್ಪಿದ್ದರೆ ಬರಹದಲ್ಲಿ ಕೇಳುವುದನ್ನು ಯಾವ ಕೋರ್ಸೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಫಿಟ್ಟರ್ ಆಗಲಿ, ನರ್ಸಿಂಗ್ ಸಹಾಯಕಿ ಆಗಲಿ, ಪ್ರತಿ ವೃತ್ತಿ ಕೋರ್ಸಿನಲ್ಲೂ ಈ ಒಂದು ಪಾಠ ಕಡ್ಡಾಯವಾಗಬೇಕು.

ಬೇರೆ ವೃತ್ತಿ ವಿಷಯಗಳೂ ತಾಲ್ಲೂಕಿನ ನೆಲ ನೋಡಿಯೇ ಬರಬೇಕು. ಶ್ರೀನಿವಾಸಪುರ ಮಾವಿನ ತಾಲ್ಲೂಕು. ಅಲ್ಲಿ ಹಣ್ಣು ಸಂಸ್ಕರಣೆ, ಶೀತಲಗೃಹದ ಯಂತ್ರಗಳ ನಿರ್ವಹಣೆ ಕಲಿತವರಿಗೆ ಕೆಲಸವಿದೆ. ಮಾಲೂರಿನಲ್ಲಿ ಹೂ, ತರಕಾರಿ, ಜೊತೆಗೆ ಕಾರ್ಖಾನೆ. ಎಲ್ಲ ತಾಲ್ಲೂಕಿನಲ್ಲೂ ಹಸು.

ಸೇರುವ ಮುನ್ನ ಕಾಲೇಜಿನ ಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆಗಳಿವೆ, ಕೇಳಲು ಯಾರೂ ಹಿಂಜರಿಯಬಾರದು. ಸರ್ಟಿಫಿಕೇಟಿಗೆ ಸಹಿ ಹಾಕುವವರು ಯಾರು, ವಿಶ್ವವಿದ್ಯಾಲಯವೇ ಖಾಸಗಿ ಸಂಸ್ಥೆಯೇ? ಕೌಶಲ ಚೌಕಟ್ಟಿನ ಎಷ್ಟನೇ ಹಂತ? ಕ್ರೆಡಿಟ್‌ಗಳು ವಿದ್ಯಾರ್ಥಿಯ ಹೆಸರಿನ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಗೆ ಜಮೆಯಾಗುತ್ತವೆಯೇ? ತರಬೇತಿ ಯಾವ ಶಾಖೆಯಲ್ಲಿ, ಯಾವ ಸಂಘದಲ್ಲಿ, ಎಷ್ಟು ವಾರ? ಪಾಠ ಹೇಳುವವರಲ್ಲಿ ಬ್ಯಾಂಕಿನಲ್ಲಿ ದುಡಿದವರು ಇದ್ದಾರೆಯೇ? ಶೇ 100ರಷ್ಟು ಉದ್ಯೋಗ ಎಂದು ಗೋಡೆಗೆ ಅಂಟಿಸಿದವರು ಇವಕ್ಕೆ ಉತ್ತರ ಕೊಡದಿದ್ದರೆ ಹಣ ಕಟ್ಟಬಾರದು.

ಕಲಿಯಬೇಕಾದವರೆಲ್ಲ 18ರ ಮಕ್ಕಳೇ ಎಂದುಕೊಳ್ಳಬಾರದು. ಡೇರಿಯ ಕಾರ್ಯದರ್ಶಿಗಳು, ಸಂಘದ ಪುಸ್ತಕ ಬರೆಯುವ ಹೆಂಗಸರು, ಮಂಡಿಯ ಗುಮಾಸ್ತರು ಹತ್ತಾರು ವರ್ಷಗಳಿಂದ ಲೆಕ್ಕ ಇಡುತ್ತಿದ್ದಾರೆ, ಕೈಯಲ್ಲಿ ಮಾತ್ರ ಒಂದು ಕಾಗದವಿಲ್ಲ. ಹಿಂದೆ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ವ್ಯವಸ್ಥೆ 2015ರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಕಾಲದಿಂದಲೂ ಇದೆ. ಸಣ್ಣ ತರಬೇತಿ, ಆಮೇಲೆ ಮೌಲ್ಯಮಾಪನ, ಅಷ್ಟೇ. ಸಂಜೆ ಹೊತ್ತು ಖಾಲಿ ಬೀಳುವ ಸರ್ಕಾರಿ ಕಾಲೇಜಿನ ಕೊಠಡಿಗಳಲ್ಲಿ ಇವರಿಗಾಗಿ ತರಗತಿ ನಡೆಸಲು ಹೊಸ ಕಟ್ಟಡ ಬೇಕಿಲ್ಲ.

ಸುಗಟೂರು ಪಾಳೇಗಾರರು ಕೋಲಾರ, ಹೊಸಕೋಟೆ ಸೀಮೆಯನ್ನಾಳಿದ ಕಾಲದಲ್ಲಿ ಈ ನಾಡಿನ ಲೆಕ್ಕ ಇದ್ದದ್ದು ಶಾನುಭೋಗರ ಕಡತದಲ್ಲಿ. ಈಗ ಅದು ಪ್ರತಿ ಮನೆಯ ಪಾಸ್‌ಬುಕ್ಕಿನಲ್ಲಿದೆ. 2017ರಿಂದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದ ಟಮಕದಲ್ಲೇ ಇದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಪದವಿ ಕಾಲೇಜುಗಳ ಬಿ.ಕಾಂ. ಪಠ್ಯ ತಯಾರಾಗುವುದು ಅದರ ಅಧ್ಯಯನ ಮಂಡಳಿಯಲ್ಲಿ. ಅಲ್ಲಿ ಕೂರುವವರು ಡೇರಿಯ ಲೆಡ್ಜರ್, ಮಂಡಿಯ ಪಟ್ಟಿ, ಸಂಘದ ನಡಾವಳಿ ಮತ್ತು ಸಂಬಳದ ಚೀಟಿ ಈ ನಾಲ್ಕನ್ನು ಒಂದು ಪ್ರಾಯೋಗಿಕ ವಿಷಯವಾಗಿ ಸೇರಿಸಿ, ಒಂದು ಸೆಮಿಸ್ಟರನ್ನು ಸಹಕಾರ ಸಂಘದಲ್ಲೋ ಬ್ಯಾಂಕ್ ಶಾಖೆಯಲ್ಲೋ ಕಳೆಯಲು ಕ್ರೆಡಿಟ್ ಕೊಡಬಹುದು. ಅದಕ್ಕೆ ದೆಹಲಿಯ ಅನುದಾನಕ್ಕಾಗಿ ಕಾಯಬೇಕಿಲ್ಲ. ಮುಂದಿನ ಪ್ರವೇಶಾತಿ ಶುರುವಾಗುವ ಮೊದಲು ಮಂಡಳಿಯ ಒಂದು ಸಭೆ ಸೇರಬೇಕು.